ಲೋಟ ಕೇಳಿದ ಪ್ರಶ್ನೆಗಳು

ಶನಿವಾರ ಬೆಳಗಾಯಿತೆಂದರೆ ಪಲುಪಿಯವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಜಾವಾ ದ್ವೀಪದ ಸೋಲೋ ನಗರದ ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸುತ್ತಿದ್ದ ಅವರು ಅಂದು ವಿಭಾಗದ ಹಳೆಯ ವ್ಯಾನು ಹತ್ತಿ, ವೊನೊಗಿರಿಯ ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಸುಂಬರ್‌ವಾರು ಶಾಲೆಗೆ ಹೋಗುತ್ತಿದ್ದರು. ಹಳ್ಳಿಯ ಮಕ್ಕಳಿಗೆ ಗಣಿತದ ರುಚಿ ಹತ್ತಿಸಲು ವಿಶ್ವವಿದ್ಯಾನಿಲಯ ಹಮ್ಮಿಕೊಂಡಿದ್ದ ಕಾರ್ಯಕ್ರಮವದು. ಜೊತೆಗೆ ಬರಬೇಕಾಗಿದ್ದ ಅಧ್ಯಾಪಕರು ದಾರಿಯ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆಂದು ಒಬ್ಬೊಬ್ಬರಾಗಿ ಹಿಂದೆ ಸರಿದರು. ಪಲುಪಿಯವರು ಮಾತ್ರ ಶುಂಠಿ ಮಿಠಾಯಿಯೊಂದನ್ನು ಬಾಯಿಗೆ ಹಾಕಿಕೊಂಡು ಡ್ರೈವರನ ಪಕ್ಕ ಕೂರುತ್ತಿದ್ದರು.

ಅವರ ತಾಯಿ ಬಟ್ಟೆಯ ಮೇಲೆ ಮೇಣದಿಂದ ಬಾತಿಕ್ ಚಿತ್ತಾರ ಬರೆಯುವವರು. ಯಾವ ಬಳ್ಳಿ ಎಲ್ಲಿ ತಿರುಗಿ ಯಾವುದರೊಡನೆ ಕೂಡಬೇಕೆಂಬುದನ್ನು ನೋಡುತ್ತ ನೋಡುತ್ತಲೇ ಮಗಳಿಗೆ ಲೆಕ್ಕದ ಹುಚ್ಚು ಹಿಡಿದಿತ್ತು. ಆ ಹುಚ್ಚನ್ನು ನಾಲ್ಕು ಮಕ್ಕಳಿಗೆ ಅಂಟಿಸಿದರೆ ತಮ್ಮ ಜನ್ಮ ಸಾರ್ಥಕವೆಂದು ಪಲುಪಿಯವರು ನಂಬಿದ್ದರು.

ಮಕ್ಕಳೇನೋ ಚಿನ್ನದಂಥವರು. ಆದರೆ ಪಾಠದ ಕೊನೆಯಲ್ಲಿ “ಅರ್ಥ ಆಯ್ತಾ?” ಎಂದರೆ, “ಆಯ್ತು, ಬು!” ಎಂದು ಒಕ್ಕೊರಲಿನ ಉತ್ತರ. ತಾಯಿಗೂ ಟೀಚರಿಗೂ ಅಲ್ಲಿ ಅದೊಂದೇ ಕರೆ, ‘ಬು’; ತಂದೆಗೂ ಮೇಷ್ಟರಿಗೂ ‘ಪಾಕ್’. ಒಂದು ದಿನ ಅವರು ಕೈತಪ್ಪಿ ಏಳೆಂಟಲೆ ಐವತ್ತನಾಲ್ಕು ಎಂದು ಹಲಗೆಯ ಮೇಲೆ ಬರೆದುಬಿಟ್ಟರು. ಇಡೀ ತರಗತಿ ಅದನ್ನೇ ಬರೆದುಕೊಂಡು, ಅದರಿಂದಲೇ ಲೆಕ್ಕ ಮುಗಿಸಿತು. ಮುಂದಿನ ಬೆಂಚಿನ ರುಮಿಯಾತಿಯೂ ಸರಿಯಾಗಿ ಬರೆದಿದ್ದ ಐವತ್ತಾರನ್ನು ಅಳಿಸಿ ಐವತ್ತನಾಲ್ಕು ಮಾಡಿದ್ದಳು.

“ಯಾಕೆ ಪುಟ್ಟಿ, ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು, ಬು.”

“ಮತ್ತೆ ಹೇಳ್ಬಾರ್ದಿತ್ತಾ?”

ಹುಡುಗಿ ತಲೆ ತಗ್ಗಿಸಿದಳು. “ಅಷ್ಟು ದೂರದಿಂದ ಬಂದೋರಿಗೆ ತಪ್ಪು ಅಂತ ಹೇಗೆ ಅನ್ನೋದು? ನಿಮಗೆ ಬೇಜಾರಾಗಲ್ವಾ?”

ಇತ್ತ ಡೀನ್ ಹಾರ್ದೊಯೊ ಅವರು ಪಲುಪಿಯವರನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. “ನೋಡಿ ಬು ಪಲುಪಿ, ಇರೋದು ಒಂದೇ ವ್ಯಾನು. ಪೇಟೆ ಶಾಲೆ ಮಕ್ಕಳು ಪ್ರಶ್ನೆ ಕೇಳಿ ಕೇಳಿ ನಮ್ಮೋರ ಬೆವರಿಳಿಸ್ತಾರೆ. ನಿಮ್ಮ ಮಕ್ಕಳು ಬಾಯೇ ಬಿಡಲ್ಲವಂತೆ. ಮುಂದಿನ ತಿಂಗಳು ನಾನೇ ಬರ್ತೀನಿ. ಆಗಲೂ ಹೀಗೇ ಇದ್ರೆ ವ್ಯಾನು ಪೇಟೆಗೆ.”

ಸುಂಬರ್‌ವಾರು ಕೈತಪ್ಪುವುದೆಂದು ಪಲುಪಿಯವರಿಗೆ ಅನ್ನ ರುಚಿಸಲಿಲ್ಲ. ಆ ಶನಿವಾರ ಪಾಠ ಮುಗಿದ ಮೇಲೆ ಹೆಡ್‌ಮಾಸ್ಟರರ ಹೆಂಡತಿ ಮಾರ್ಸಿನಾ ಪಲುಪಿಯವರನ್ನು ತಮ್ಮ ಮನೆಗೆ ಎಳೆದೊಯ್ದರು. ಅಲ್ಲಿ ಹೆಂಗಸರ ಅರಿಸಾನ್, ಅಂದರೆ ತಿಂಗಳ ಚೀಟಿ, ನಡೆಯುತ್ತಿತ್ತು. ಹೆಸರು ಬರೆದ ಕಾಗದಗಳನ್ನು ಸುರುಳಿ ಸುತ್ತಿ ಗಾಜಿನ ಲೋಟಕ್ಕೆ ಹಾಕಿ, ಬಾಯಿಗೆ ತೂತುಳ್ಳ ಕಾಗದ ಕಟ್ಟಿ, ಮಾರ್ಸಿನಾ ಗಲಗಲ ಕುಲುಕಿದರು. ಒಂದು ಸುರುಳಿ ಹೊರಬಿತ್ತು.

“ಹೋದ ತಿಂಗಳು ನೀನು, ಈಗ ನಿನ್ನ ನಾದಿನೀನೇ! ಲೋಟಕ್ಕೇನು ಮಂತ್ರ ಹಾಕಿದೀಯೇನೇ?” ಎಂದಳೊಬ್ಬಳು.

“ನಾನು ಹೆಸರು ಹೇಳಿದ್ದಿದ್ರೆ ನೀವು ನನ್ನ ಜಡೆ ಹಿಡೀತಿದ್ರಿ. ಲೋಟ ಹೇಳಿತಲ್ಲ, ತೆಪ್ಪಗೆ ಟೀ ಕುಡೀರಿ,” ಎಂದರು ಮಾರ್ಸಿನಾ.

ಪಲುಪಿಯವರ ಕೈಯಲ್ಲಿದ್ದ ಕರಿದ ಬಾಳೆಹಣ್ಣು ಅಲ್ಲೇ ನಿಂತಿತು. ಹೊರಡುವಾಗ ಆ ಲೋಟವನ್ನು ಕೇಳಿ ಪಡೆದರು.

ಮರುವಾರ ತರಗತಿಯಲ್ಲಿ ಅವರು ಒಬ್ಬೊಬ್ಬರಿಗೂ ಕಾಗದದ ತುಂಡು ಕೊಟ್ಟು, “ತಿಳೀದೇ ಇದ್ದದ್ದು ಬರೀರಿ. ಹೆಸರು ಬೇಡ. ಕೇಳೋದು ನೀವಲ್ಲ, ಲೋಟ,” ಎಂದರು. ಮೊದಲ ಸಲ ಅರ್ಧ ತುಂಡುಗಳು ಖಾಲಿ. ಒಂದರಲ್ಲಿ ‘ಬು, ಊಟ ಆಯ್ತಾ?’ ಎಂದಿತ್ತು. ಮುಂದಿನ ಸಲ ನಿಜವಾದ ಪ್ರಶ್ನೆಗಳು ಬಂದವು. ಆಮೇಲಾಮೇಲೆ ಕಾಗದ ಸಾಲದೇ ಹೋಯಿತು.

ಡೀನರು ಬಂದರು. ಹಲಗೆಯ ಮುಂದೆ ನಿಂತು, ಅರ್ಧದಿಂದ ಭಾಗಿಸಿದರೆ ಸಂಖ್ಯೆ ದೊಡ್ಡದಾಗುವುದೇಕೆಂದು ಸೊಗಸಾಗಿ ವಿವರಿಸಿ, “ತಿಳೀತಾ?” ಎಂದರು.

“ತಿಳೀತು, ಪಾಕ್!” ಎಂದು ಇಡೀ ತರಗತಿ ಕೂಗಿತು.

ಡೀನರು ಪಲುಪಿಯವರ ಕಡೆ ಬೇಸರದ ನೋಟ ಹರಿಸಿದರು. ಪಲುಪಿಯವರು ಕಾಗದ ಹಂಚಿ, ಮಕ್ಕಳು ಬರೆದುಕೊಟ್ಟ ಸುರುಳಿಗಳನ್ನು ಲೋಟಕ್ಕೆ ಹಾಕಿ ಅವರ ಕೈಗಿತ್ತರು. ಡೀನರು ಕುಲುಕಿ, ಬಿದ್ದ ಸುರುಳಿಯನ್ನು ಬಿಚ್ಚಿ ಓದಿದರು: ‘ಪಾಕ್ ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ.’

ಅವರ ಕಿವಿ ಕೆಂಪಾಯಿತು. ಇನ್ನೊಮ್ಮೆ ವಿವರಿಸಿ, ಹೊಸದಾಗಿ ಬರೆಸಿ, ಮತ್ತೆ ಕುಲುಕಿದರು. ‘ಕ್ಷಮಿಸಿ, ಈಗಲೂ ಇಲ್ಲ.’

“ಈ ಲೋಟಕ್ಕೆ ಸ್ವಲ್ಪವೂ ಮರ್ಯಾದೆ ಇಲ್ಲವಲ್ರೀ!” ಎಂದು ಡೀನರು ನಕ್ಕರು. ಮಕ್ಕಳೂ ನಕ್ಕರು. ಅವರು ಸೀಮೆಸುಣ್ಣ ಕೆಳಗಿಟ್ಟು, ಅತಿಥಿಗಳಿಗೆಂದು ತಂದಿಟ್ಟಿದ್ದ ಕರಿದ ತೆಂಪೆ ಎಂಬ ಸೋಯಾ ಬಿಲ್ಲೆಗಳ ತಟ್ಟೆಯನ್ನೇ ಎಳೆದುಕೊಂಡರು. “ಆರು ತುಂಡು ಇದೆ. ಒಬ್ಬೊಬ್ಬರಿಗೆ ಅರ್ಧ ಕೊಟ್ರೆ ಎಷ್ಟು ಜನಕ್ಕಾಯ್ತು?”

“ಹನ್ನೆರಡು!”

“ಕಾಲು ಕೊಟ್ರೆ?”

“ಇಪ್ಪತ್ನಾಲ್ಕು!”

ಆಗ ರುಮಿಯಾತಿ, ಕಾಗದವನ್ನೂ ಮುಟ್ಟದೆ, ಎದ್ದು ನಿಂತಳು. “ಪಾಕ್, ಯಾರಿಗೂ ಏನೂ ಕೊಡದೇ ಇದ್ರೆ ಎಷ್ಟು ಜನಕ್ಕೆ ಸಾಕಾಗುತ್ತೆ?”

“ಇಡೀ ಜಾವಾಕ್ಕೆ!” ಎಂದಿತು ಹಿಂದಿನಿಂದ ಒಂದು ದನಿ.

“ಹಾಗಿದ್ರೆ ಜಾವಾಕ್ಕೆ ಹಂಚಿದ್ಮೇಲೂ ತಟ್ಟೇಲಿ ಆರೇ ಇರುತ್ತಲ್ಲ? ಹಂಚಿದ್ದು ಹೇಗಾಯ್ತು?” ಎಂದಳು ರುಮಿಯಾತಿ, ಹಿಂದಕ್ಕೆ ತಿರುಗಿ.

ವಾದ ಹತ್ತಿಕೊಂಡಿತು. ಲೋಟವನ್ನು ಯಾರೂ ಕೇಳಲಿಲ್ಲ. ಡೀನರು ಬೆಂಚಿನ ತುದಿಯಲ್ಲಿ ಮಕ್ಕಳ ಮಧ್ಯೆಯೇ ಕುಳಿತು, ಸೊನ್ನೆಯಿಂದ ಭಾಗಿಸುವ ಮಾತಿನಲ್ಲಿ ಮುಳುಗಿದರು. ತೆಂಪೆ ಆರಿತು. ಡ್ರೈವರು ಎರಡು ಸಲ ಬಾಗಿಲಿಗೆ ಬಂದು ಕೆಮ್ಮಿ ಹೋದ.

“ಬು ಪಲುಪಿ, ಬರೋ ಶನಿವಾರ ವ್ಯಾನು ಎಷ್ಟು ಗಂಟೆಗೆ?” ಎಂದು ಡೀನರು ಕೇಳಿದರು.

“ಆರಕ್ಕೆ, ಪಾಕ್.”

“ಆ ಹುಡುಗಿಗೆ ಉತ್ತರ ಬಾಕಿ ಇದೆ. ನನಗೂ ಒಂದು ಸೀಟು ಇಡಿ.”

ಪಲುಪಿಯವರು ಶುಂಠಿ ಮಿಠಾಯಿಯ ಪೊಟ್ಟಣವನ್ನು ಅವರ ಮುಂದೆ ಹಿಡಿದರು.