ಮುಹೈಸ್ನಾದಲ್ಲಿ ಊದಿದ ಟ್ರಂಪೆಟ್

ಎರಡು ಸಾವಿರದ ಹದಿನಾಲ್ಕರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ದುಬೈಯ ಕರಾಮಾದ ಫ್ಲ್ಯಾಟಿನಲ್ಲಿ ಲಿಡ್ವಿನ್ ಡಿಸೋಜ ಕುಡಿಯುತ್ತಿದ್ದ ಚಹಾ ಬಾಯಿಯ ಎಡಗಡೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಂಡು ಮತ್ತೊಂದು ಗುಟುಕು ಹೀರಿದ. ಅದೂ ಸೋರಿತು.

"ಎಂತಾಯಿತು ನಿಮಗೆ? ಸ್ವಲ್ಪ ಈಚೆ ನೋಡಿ," ಎಂದಳು ಹೆಂಡತಿ ಅಗಾತಾ. ನೋಡಿದ. ಅವಳು ಅವನ ಕೈಹಿಡಿದು ಬಾತ್‌ರೂಮಿನ ಕನ್ನಡಿಯ ಮುಂದೆ ನಿಲ್ಲಿಸಿದಳು. ಮುಖದ ಎಡಭಾಗ ಪೂರ್ತಿ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚಬೇಕೆಂದರೆ ಮುಚ್ಚುತ್ತಿರಲಿಲ್ಲ. ತುಟಿ ಬಿಗಿ ಹಿಡಿಯಲು ನೋಡಿದ. ಬಲಗಡೆ ಮಾತ್ರ ಬಿಗಿಯಿತು.

ಮುಖದ ನರಕ್ಕೆ ಪೆಟ್ಟಾಗಿದೆ, ಮಾತ್ರೆ ಬರೆಯುತ್ತೇನೆ ಎಂದರು ಡಾಕ್ಟರು. ಕೆಲವರಿಗೆ ಆರು ವಾರದಲ್ಲಿ ಸರಿಹೋಗುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಪೂರ್ತಿ ಸರಿಹೋಗದವರೂ ಇದ್ದಾರೆ. "ಕೆಲಸ ಏನು ನಿಮ್ಮದು?" ಎಂದು ಕೇಳಿದರು.

"ಟ್ರಂಪೆಟ್ ಊದುವುದು," ಎಂದ ಲಿಡ್ವಿನ್. ಡಾಕ್ಟರು ಪೆನ್ನು ಕೆಳಗಿಟ್ಟರು.

ಲಿಡ್ವಿನ್ ಉಡುಪಿ ಕಡೆಯ ಶಿರ್ವದವನು. ಅಪ್ಪ ಬ್ಯಾಂಡ್ ಮಾಸ್ಟರ್. ಚರ್ಚಿನ ಹಬ್ಬ, ಮದುವೆ, ಸಾವು ಯಾವುದಿದ್ದರೂ ಅವರ ಬ್ಯಾಂಡ್ ಬೇಕಿತ್ತು. ಒಂಬತ್ತು ವರ್ಷಕ್ಕೆ ಅಪ್ಪನ ಪಕ್ಕ ನಿಂತು ಊದಲು ಕಲಿತವನಿಗೆ ನಲವತ್ತೆಂಟರವರೆಗೂ ಬೇರೆ ಕಸುಬು ಗೊತ್ತಿರಲಿಲ್ಲ. ದುಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮಾದರಿಯ ರೆಸ್ಟೋರೆಂಟ್ ತೆರೆದಾಗ ಅವನಿಗೆ ಅಲ್ಲಿಯ ಬ್ಯಾಂಡಿನಲ್ಲಿ ಜಾಗ ಸಿಕ್ಕಿತ್ತು. ಬ್ಯಾಂಡಿನ ಮುಖ್ಯಸ್ಥ ಅರ್ಲ್, ಅದೇ ನಗರದಲ್ಲಿ ಹುಟ್ಟಿ ಬೆಳೆದ ಅರವತ್ತಾರರ ಮುದುಕ. ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಬಾರಿಸುತ್ತಿದ್ದ.

ತನ್ನ ಊರಿನ ಸುದ್ದಿ ಹೇಳುವುದೆಂದರೆ ಅರ್ಲ್‌ಗೆ ಹಸಿವು ನೀರಡಿಕೆ ಇರಲಿಲ್ಲ. ಸೋಮವಾರ ಬಟ್ಟೆ ಒಗೆಯುವ ದಿನ, ಹೆಂಗಸರಿಗೆ ಪುರುಸೊತ್ತಿಲ್ಲ. ಹಾಗಾಗಿ ಮನೆಮನೆಯಲ್ಲೂ ಕೆಂಪು ಬೀನ್ಸ್ ಬೆಳಗಿನಿಂದ ಒಲೆಯ ಮೇಲೆ ತಾನೇ ಬೇಯುತ್ತಿರುತ್ತದೆ ಎನ್ನುತ್ತಿದ್ದ. ಯಾರಾದರೂ ತೀರಿಕೊಂಡರೆ ಶವದ ಪೆಟ್ಟಿಗೆಯ ಜೊತೆ ಬ್ಯಾಂಡು ನಡೆಯುತ್ತದೆ. ಹೋಗುವಾಗ ಸ್ತೋತ್ರ, ಒಂದೊಂದು ಹೆಜ್ಜೆಗೆ ಒಂದೊಂದು ಪೆಟ್ಟು. ಹೆಣವನ್ನು ಬೀಳ್ಕೊಟ್ಟ ಮೇಲೆ ತಾಳ ಬದಲಾಗುತ್ತದೆ, ಮನೆಯವರು ಕುಣಿಯುತ್ತ ಹಿಂದಿರುಗುತ್ತಾರೆ, ಗುರುತು ಪರಿಚಯವಿಲ್ಲದ ದಾರಿಹೋಕರೂ ಕೊಡೆ ಬಿಚ್ಚಿ ಹಿಂದೆ ಸೇರಿಕೊಳ್ಳುತ್ತಾರೆ.

"ನಮ್ಮಲ್ಲಿ ಹೋಗುವಾಗ ಮಾತ್ರ ಊದುತ್ತೇವೆ," ಎಂದಿದ್ದ ಲಿಡ್ವಿನ್. "ಬರುವಾಗ ವಾದ್ಯ ಚೀಲಕ್ಕೆ ಹಾಕಿ ಕಾಫಿ ಕುಡಿಯುವುದು."

"ಹಾಗಾದರೆ ನಿಮ್ಮವರು ಸತ್ತವನನ್ನು ಅರ್ಧದಾರಿಯಲ್ಲಿ ಬಿಟ್ಟುಬರುತ್ತೀರಿ," ಎಂದು ಅರ್ಲ್ ನಕ್ಕಿದ್ದ. ಹೋಟೆಲಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಅದೇ ಕುಣಿತದ ಮೆರವಣಿಗೆಯನ್ನು ಈಜುಕೊಳದ ಸುತ್ತ ನಡೆಸಬೇಕಿತ್ತು. ಊಟಕ್ಕೆ ಬಂದವರು ಬಣ್ಣದ ಕೊಡೆ ಹಿಡಿದು ಹಿಂದೆ ಬರುವರು. ಹೆಣವಿಲ್ಲದ ಶವಯಾತ್ರೆ ಎಂದು ಅರ್ಲ್ ಗೊಣಗುತ್ತಿದ್ದ.

ಈಗ ಲಿಡ್ವಿನ್ ಮೊದಲು ಹೋದದ್ದು ಅರ್ಲ್‌ನ ಹತ್ತಿರವೇ. ಏಪ್ರಿಲ್ ಕೊನೆಗೆ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅಗಾತಾ ಮತ್ತು ಹತ್ತನೆಯ ಕ್ಲಾಸಿಗೆ ಕಾಲಿಡಲಿದ್ದ ಮಗಳು ಸುಸನ್ ಇಬ್ಬರೂ ಅವನ ವೀಸಾದಲ್ಲೇ ಇದ್ದರು.

ಅರ್ಲ್ ಅವನ ಗಲ್ಲ ಮುಟ್ಟಿ ನೋಡಿದ. "ನೀನು ನನ್ನ ಹಿಂದೆ ನಿಂತುಕೋ. ವಾದ್ಯ ತುಟಿಗಿಟ್ಟುಕೋ, ಬೆರಳು ಆಡಿಸು. ನಿನ್ನ ಪಾಲನ್ನು ಕ್ಲಾರಿನೆಟ್ಟಿನವನು ನುಡಿಸುತ್ತಾನೆ. ಮ್ಯಾನೇಜರ್ ಕೇಳಿದರೆ ಇದು ಹಳೇ ಶೈಲಿ ಅಂತ ನಾನು ಹೇಳುತ್ತೇನೆ."

ಹನ್ನೊಂದು ದಿನ ಹಾಗೆ ನಡೆಯಿತು. ತನ್ನ ಕೈಯಲ್ಲಿದ್ದೂ ಸದ್ದು ಮಾಡದ ವಾದ್ಯವನ್ನು ಹಿಡಿದು ನಿಲ್ಲುವುದು ಲಿಡ್ವಿನ್‌ಗೆ ಹೆಣ ಹೊತ್ತಂತಾಗುತ್ತಿತ್ತು. ಮನೆಗೆ ಬಂದರೆ ಸುಸನ್, "ಪಪ್ಪಾ, ಈಸ್ ಇಟ್ ಬೆಟರ್ ಟುಡೇ?" ಎಂದು ಕೇಳುವಳು. "ಬೆಟರ್," ಎನ್ನುವನು, ಆ ಶಬ್ದದ 'ಬ' ಕೂಡ ಅವನ ಬಾಯಲ್ಲಿ ಸರಿಯಾಗಿ ಹುಟ್ಟುತ್ತಿರಲಿಲ್ಲ.

ಹನ್ನೆರಡನೆಯ ದಿನ ಶುಕ್ರವಾರ. ಹೋಟೆಲಿನ ದೊಡ್ಡ ಅತಿಥಿಗಳು ಬಂದಿದ್ದರು. ಮೆರವಣಿಗೆಯನ್ನು ಟ್ರಂಪೆಟ್ಟೇ ಮುನ್ನಡೆಸಲಿ, ಬೇರೆ ಯಾರೂ ಜೊತೆ ನುಡಿಸಬಾರದು ಎಂದು ಮ್ಯಾನೇಜರ್ ಪಟ್ಟುಹಿಡಿದ. ಅರ್ಲ್ ಏನೇನೋ ಹೇಳಿದ, ನಡೆಯಲಿಲ್ಲ. ಲಿಡ್ವಿನ್ ಈಜುಕೊಳದ ಅಂಚಿಗೆ ಬಂದು ವಾದ್ಯ ಎತ್ತಿದ. ಉಸಿರೆಲ್ಲ ಒಟ್ಟುಗೂಡಿಸಿ ಊದಿದ. ಎಡಗಡೆಯಿಂದ ಬರೀ ಗಾಳಿ, ಜೊಲ್ಲು, ಪುಸ್ಸೆಂಬ ಶಬ್ದ. ತಮಾಷೆಗೆ ಮಾಡುತ್ತಿದ್ದಾನೆಂದು ತಿಳಿದ ಜನ ಚಪ್ಪಾಳೆ ತಟ್ಟಿ ನಕ್ಕರು. ಅವನು ಮತ್ತೆ ಊದಿದ. ಜನ ಮತ್ತೆ ನಕ್ಕರು. ಅರ್ಲ್ ಡ್ರಮ್ಮನ್ನು ಬಲವಾಗಿ ಬಾರಿಸಿ ಆ ನಗುವನ್ನು ಮುಚ್ಚಿಬಿಟ್ಟ.

ಸಂಜೆಯೊಳಗೆ ಮೂವತ್ತು ದಿನದ ನೋಟಿಸ್ ಕೈಗೆ ಬಂತು.

ಹೋಟೆಲಿನ ವ್ಯಾನ್ ಓಡಿಸುತ್ತಿದ್ದ ಉಮ್ಮರಬ್ಬ ಶಿರ್ವದ ಹತ್ತಿರದ ಕಾಪುವಿನವರು. ಮರುವಾರ ತಮ್ಮ ರಜೆಯ ದಿನ ಲಿಡ್ವಿನ್‌ನನ್ನು ಕೂರಿಸಿಕೊಂಡು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳನ್ನೆಲ್ಲ ಸುತ್ತಿಸಿದರು. ಒಂದು ಕಡೆ ವಯಸ್ಸು ಕೇಳಿದರು, ಒಂದು ಕಡೆ ಮುಖ ನೋಡಿದರು. ಇನ್ನೊಂದು ಕಡೆ ಗೇಟಿನಲ್ಲೇ "ಖಲಾಸ್, ಕೆಲಸ ಇಲ್ಲ" ಎಂದರು.

"ಬೇಜಾರು ಮಾಡಬೇಡಿ ಪೊರ್ಬುಗಳೇ, ನಾಳೆ ಬೇರೆ ಕಡೆ ನೋಡುವ," ಎಂದರು ಉಮ್ಮರಬ್ಬ, ಊರ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ.

"ಎಲ್ಲಿ ಅಂತ ನೋಡುದು ಮಾರಾಯ್ರೆ? ನನಗೆ ಬಾಯಿ ಬಿಟ್ಟರೆ ಬೇರೆ ಎಂತ ಉಂಟು?" ಎಂದ ಲಿಡ್ವಿನ್. ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ದಾರಿಯುದ್ದಕ್ಕೂ ಕೂತ. ಮುಚ್ಚದ ಆ ಕಣ್ಣಿಗೆ ಬಿಸಿಲು ಸೂಜಿಯಂತೆ ಚುಚ್ಚುತ್ತಿತ್ತು.

ನೋಟಿಸಿನ ಹದಿನೇಳನೆಯ ದಿನ ಅರ್ಲ್ ತನ್ನ ಫ್ಲ್ಯಾಟಿನಲ್ಲಿ ಎದೆನೋವಿನಿಂದ ತೀರಿಕೊಂಡ. ಅವನ ಮಗಳು ಡೆನೀಸ್ ನ್ಯೂ ಆರ್ಲಿಯನ್ಸಿನಿಂದ ಫೋನು ಮಾಡಿ, ಅಪ್ಪನನ್ನು ಹೇಗಾದರೂ ಕಳಿಸಿಕೊಡಿ ಎಂದಳು. ಕಾಗದಪತ್ರಕ್ಕೆ ಓಡಾಡಿದವರು ಲಿಡ್ವಿನ್ ಮತ್ತು ಉಮ್ಮರಬ್ಬ. ಊರಿಗೆ ಕಳಿಸುವ ಹೆಣಗಳಿಗೆ ಔಷಧಿ ಹಾಕಿ ಪೆಟ್ಟಿಗೆ ಮುಚ್ಚುವ ಜಾಗ ದುಬೈಯ ಮುಹೈಸ್ನಾದಲ್ಲಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಬ್ಯಾಂಡಿನ ಐವರೂ ಅಲ್ಲಿ ಸೇರಿದರು. ಪಕ್ಕದಲ್ಲಿ ಬೇರೊಂದು ಪೆಟ್ಟಿಗೆಗಾಗಿ ಲೇಬರ್ ಕ್ಯಾಂಪಿನ ಹತ್ತಾರು ಜನ ನೀಲಿ ಸಮವಸ್ತ್ರದಲ್ಲೇ ಕಾಯುತ್ತಿದ್ದರು.

ಲಿಡ್ವಿನ್ ಚೀಲದಿಂದ ಟ್ರಂಪೆಟ್ ತೆಗೆದ. ಕಾವಲುಗಾರ ಓಡಿಬಂದ. "ಮ್ಯೂಸಿಕ್ ಮಾಫಿ, ಮ್ಯೂಸಿಕ್ ಇಲ್ಲ! ಇಲ್ಲಿ ಆಗುವುದಿಲ್ಲ."

"ಭಾಯಿ, ದೋ ಮಿನಿಟ್. ಇವನ ಊರಿನಲ್ಲಿ ವಾದ್ಯ ಇಲ್ಲದೆ ಯಾರನ್ನೂ ಕಳಿಸುವುದಿಲ್ಲ," ಎಂದು ಲಿಡ್ವಿನ್ ಮುರುಕು ಹಿಂದಿಯಲ್ಲಿ ಕೈಮುಗಿದ. ಮಾತಾಡುವಾಗ ಬಾಯಿ ಸೊಟ್ಟಗಾಗಿ ಜೊಲ್ಲು ಇಳಿಯಿತು. ಕಾವಲುಗಾರ ಆ ಮುಖವನ್ನು ನೋಡಿದ, ಕೈಯಲ್ಲಿದ್ದ ವಾದ್ಯವನ್ನು ನೋಡಿದ. ಗೇಟಿನ ಕಡೆ ತಿರುಗಿ ನಿಂತ.

ಎಡಗೈಯ ಎರಡು ಬೆರಳಿನಿಂದ ಸೋತ ತುಟಿಯನ್ನು ಒತ್ತಿಹಿಡಿದು ಲಿಡ್ವಿನ್ ಊದಿದ. ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು, ತೆಳ್ಳಗೆ, ನಡುಗುತ್ತ. ಹೆಣದ ನಡಿಗೆಯ ಸ್ತೋತ್ರವದು, ಅವಸರ ಬೇಕಿರಲಿಲ್ಲ. ಒಂದೊಂದು ಸ್ವರಕ್ಕೂ ಬೆರಳು ಸರಿಮಾಡಿಕೊಂಡು ಊದಿದ. ಪಕ್ಕದಲ್ಲಿದ್ದ ಕೂಲಿಯವರು ಒಬ್ಬೊಬ್ಬರೇ ಟೋಪಿ ತೆಗೆದರು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಗಾಳಿ ಬೆರಳ ಸಂದಿಯಿಂದ ನುಗ್ಗಿ ಸದ್ದು ಸತ್ತಿತು. ಎಷ್ಟು ಒತ್ತಿದರೂ ಮತ್ತೆ ಹುಟ್ಟಲಿಲ್ಲ. ಕ್ಲಾರಿನೆಟ್ಟಿನವನು ಅಳುತ್ತಿದ್ದ, ಅವನಿಂದಲೂ ಮುಂದುವರಿಸಲಾಗಲಿಲ್ಲ. ವ್ಯಾನ್ ಬಂತು, ಪೆಟ್ಟಿಗೆ ಏರಿಸಿದರು, ಏರ್‌ಪೋರ್ಟಿನ ಕಡೆ ಹೊರಟುಹೋಯಿತು. ಹಿಂದಿರುಗುವಾಗ ಕುಣಿಯಬೇಕಿತ್ತು. ಯಾರೂ ಕುಣಿಯಲಿಲ್ಲ.

ನೋಟಿಸು ಮುಗಿಯಲು ಐದು ದಿನವಿರುವಾಗ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ವಾದ್ಯಗಳ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಸಿಕ್ಕಿತು. ಆದರೆ ಆ ವೀಸಾದಲ್ಲಿ ಸಂಸಾರ ಇಟ್ಟುಕೊಳ್ಳುವಂತಿರಲಿಲ್ಲ. ಜೂನ್ ಮೊದಲ ವಾರ ಅಗಾತಾ, ಸುಸನ್ ಶಿರ್ವಕ್ಕೆ ಹೊರಟರು. ಸುಸನ್ ಏರ್‌ಪೋರ್ಟಿನಲ್ಲಿ ಅಪ್ಪನ ಎಡಗಲ್ಲಕ್ಕೆ ಮುತ್ತಿಟ್ಟಳು; ಅವನಿಗೆ ಅದು ಸರಿಯಾಗಿ ತಿಳಿಯಲೂ ಇಲ್ಲ.

ಅಕ್ಟೋಬರಿನ ಹೊತ್ತಿಗೆ ಕಣ್ಣು ಮುಚ್ಚತೊಡಗಿತು, ತುಟಿ ಮಾತ್ರ ಹಾಗೇ ಉಳಿಯಿತು. ಆ ತಿಂಗಳು ಒಂದು ಮಧ್ಯಾಹ್ನ ಡೆನೀಸ್ ಫೋನು ಮಾಡಿದಳು. ಅಪ್ಪನ ಮಣ್ಣಿನ ಗದ್ದಲದಲ್ಲಿ ಕೇಳುವುದು ಮರೆತಿದ್ದೆ ಎಂದಳು. "ಅಲ್ಲಿಂದ ಕಳಿಸುವಾಗ ಅಪ್ಪನಿಗೆ ಯಾರಾದರೂ ಊದಿದರಾ?"

"ನಾನು ಊದಿದೆ," ಎಂದ ಲಿಡ್ವಿನ್. "ಚೆನ್ನಾಗಿ ಬರಲಿಲ್ಲ. ಮಧ್ಯದಲ್ಲೇ ನಿಂತಿತು."

"ಅಲ್ಲಿ ನಿಂತದ್ದನ್ನು ಇಲ್ಲಿಯವರು ಮುಂದುವರಿಸಿದರು ಬಿಡಿ. ಇಡೀ ಬೀದಿ ಬಂದಿತ್ತು," ಎಂದಳು.

"ಎಷ್ಟು ಜನ? ಯಾರ್ಯಾರು ನುಡಿಸಿದರು? ಎಲ್ಲ ಹೇಳಿ," ಎಂದ ಲಿಡ್ವಿನ್. ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಡಿಯಿಂದ ಹೊರಗೆ, ಸುಡುವ ಫುಟ್‌ಪಾತಿಗೆ ಬಂದು ನಿಂತ. ಅವಳು ಹೇಳುತ್ತ ಹೋದಳು. ಮಾಲೀಕ ಎರಡು ಸಲ ಕರೆದರೂ ಅವನು ಒಳಗೆ ಹೋಗಲಿಲ್ಲ.