ಆಲಿಕಲ್ಲಿನ ದಾರಿಯಲ್ಲಿ ಸಿಸ್ಟರ್

ಸಿಸ್ಟರ್ ಹಾಕಿಕೊಳ್ಳುತ್ತಿದ್ದ ಬಿಳಿ ಶೂಗಳಲ್ಲಿ ಎಡಗಾಲಿನದಕ್ಕೆ ಮಾತ್ರ, ಹೆಬ್ಬೆರಳಿನ ಮೇಲೆ, ಒಂದು ಕಪ್ಪು ಕಲೆ ಇರುತ್ತಿತ್ತು. ನರ್ಸುಗಳ ಶೂ ಹಾಲಿನಂತೆ ಬೆಳ್ಳಗಿರಬೇಕೆಂದು ಆಸ್ಪತ್ರೆಯ ಕಟ್ಟಳೆ. ಡ್ಯೂಟಿಗೆ ಹೊರಡುವ ಮುನ್ನ ಅವರು ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಳೆಯ ಬ್ರಶ್ಶಿಗೆ ಟೂತ್‌ಪೇಸ್ಟ್ ಹಚ್ಚಿ ಆ ಕಲೆಯನ್ನು ಉಜ್ಜುವರು. ಸಂಜೆ ಮರಳುವಾಗ ಅದು ಮತ್ತೆ ಅಲ್ಲೇ ಹಾಜರು. ಯಾವುದೋ ಔಷಧಿಯ ಕಲೆ ಇರಬೇಕೆಂದುಕೊಂಡು ಒಂದು ದಿನ ಕೇಳಿಯೇಬಿಟ್ಟೆ.

“ಗೇರಿನದ್ದು ಮಾರಾಯ್ತಿ. ಎತ್ತಿ ಎತ್ತಿ ಹಾಗೆ ಆಗ್ತದೆ.”

“ಯಾವ ಗೇರು ಸಿಸ್ಟರ್?”

“ಬೈಕಿನದ್ದು. ಮತ್ತೆ ಫ್ರಿಜ್ಜಿನದ್ದಾ?”

ಐವತ್ತು ದಾಟಿದ, ಕನ್ನಡಕದ, ಪ್ರತಿ ವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗುವ ಹೆಡ್ ನರ್ಸ್ ಒಬ್ಬರು ಅಬುಧಾಬಿಯ ರಸ್ತೆಯಲ್ಲಿ ಮೋಟಾರ್‌ಸೈಕಲ್ ಓಡಿಸುತ್ತಾರೆ ಎಂಬುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೇ ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋಗಿ, ಕಾರುಗಳ ನಡುವೆ ನಿಲ್ಲಿಸಿದ್ದ ಕರಿಯ ಬೈಕನ್ನು ತೋರಿಸಿದರು. ದುಬೈಯ ಅಲ್ ಕೂಜ್‌ನ ಗ್ಯಾರೇಜೊಂದರಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಗಾಡಿ. ಮಲಗಿದ ರೋಗಿಯ ಹಣೆ ಮುಟ್ಟಿ ನೋಡುವಂತೆ ಅದರ ಟ್ಯಾಂಕನ್ನು ಮುಟ್ಟಿದರು. “ಇವನಿಗೆ ಎಂತದೂ ಬೇಡ. ಎಣ್ಣೆ ಕೊಟ್ರೆ ಸಾಕು, ಎದುರು ಮಾತಾಡುವುದಿಲ್ಲ.”

ನಾನು ಕಾಪುವಿನ ಕಡೆಯವಳು. ಅದೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೆಲಸ ಸಿಕ್ಕಿ ಬಂದಾಗ ಇಪ್ಪತ್ತೈದು ತುಂಬಿತ್ತು. ಖಾಲಿದಿಯಾ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಒಂದು ಕೋಣೆ ನನ್ನದಾಯಿತು. ಅವರು ಶಿರ್ವದ ಕಡೆಯ ಕ್ರಿಶ್ಚಿಯನ್ನರು. ಮನೆಯವರೊಡನೆ ಕೊಂಕಣಿ, ನನ್ನೊಡನೆ ಅರ್ಧ ತುಳು ಅರ್ಧ ಕನ್ನಡ, ವಾರ್ಡಿನಲ್ಲಿ ಅರಬ್ಬಿ. ಊರಿನಲ್ಲಿ ಒಬ್ಬಳೇ ಮಗಳು, ಅಜ್ಜಿಯ ಬಳಿ ಬೆಳೆದವಳು. ಗಂಡ ಇಲ್ಲ. ಇಷ್ಟು ಮಾತ್ರ ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಅವರು ಮೀನಿನ ಸಾರಿಗೆ ಹುಳಿ ಸಾಕಾ ನೋಡು ಎಂದು ಸೌಟು ಚಾಚುತ್ತಿದ್ದರು.

ಮಾತು ಒರಟು. ಯಾರಾದರೂ ಅಯ್ಯೋ ಎಂದರೆ ಸಹಿಸುತ್ತಿರಲಿಲ್ಲ. “ಅಯ್ಯೋ ಪಾಪ ಅಂದ್ರೆ ಗಾಯ ಒಣಗ್ತದಾ? ಕ್ಲೀನ್ ಮಾಡ್ಬೇಕು, ಗಾಳಿ ಬಿಡ್ಬೇಕು.” ಮನೆಯಲ್ಲಿ ಏಸಿ ಹಾಕುವುದಕ್ಕೂ ಅವರ ಆಕ್ಷೇಪ. “ಇದು ಚಳಿಯಾ? ಇದು ಥಂಡಿ. ಚಳಿ ಅಂದ್ರೆ ಮೂಳೆಯೊಳಗೆ ಹೋಗಿ ಮಾತಾಡ್ಬೇಕು.” ಡಿಸೆಂಬರ್ ಬಂದರೆ ಟಿವಿಯ ಹವಾಮಾನದ ಸುದ್ದಿಗೆ ಕಿವಿ ಕೊಟ್ಟು ಕೂರುವರು. ಉತ್ತರದ ಬೆಟ್ಟಗಳಲ್ಲಿ ಮಳೆ, ಗಾಳಿ, ಅನಗತ್ಯವಾಗಿ ಹೋಗಬೇಡಿ ಎಂದು ಅದರಲ್ಲಿ ಎಚ್ಚರಿಕೆ ಕೊಟ್ಟರೆ ಸಿಸ್ಟರ್ ಎದ್ದು ಹೋಗಿ ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುವರು. ಮುಂದಿನ ರಜೆಗೆ ಬೈಕು ಹತ್ತಿ ಒಬ್ಬರೇ ರಾಸ್ ಅಲ್ ಖೈಮಾ ಕಡೆ ಹೊರಟುಬಿಡುವರು. ಸಂಜೆ ಮೂಗಿನ ತುದಿ ಕೆಂಪಾಗಿ ಬರುವರು. ಆ ದಿನಗಳಲ್ಲಿ ಮಾತ್ರ ಅವರು ಅಡುಗೆ ಮಾಡುತ್ತ ಸಣ್ಣಗೆ ಹಾಡುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ನನ್ನ ಅಮ್ಮ ತೀರಿಕೊಂಡರು.

ಗುರುವಾರ ಮಧ್ಯಾಹ್ನ, ಕೌಂಟರಿನಲ್ಲಿದ್ದಾಗ ತಮ್ಮನ ಫೋನು ಬಂತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವರು ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆಂದು ಇಲಾಖೆಗೆ ಹೋಗಿತ್ತು. ನಮ್ಮ ಆಸ್ಪತ್ರೆಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಓಡಾಡಿದ, ಕೈಮುಗಿದ, ಕೊನೆಗೆ ಬಂದು ನೆಲ ನೋಡುತ್ತ ನಿಂತ. ಬಾಗಿಲು ಹಾಕಿಯಾಗಿದೆ, ಶುಕ್ರವಾರ ಶನಿವಾರ ರಜೆ, ಇನ್ನು ಭಾನುವಾರವೇ. ಊರಿನಲ್ಲಿ ಅಷ್ಟು ದಿನ ಇಟ್ಟುಕೊಳ್ಳುವುದು ಹೇಗೆ? ಶುಕ್ರವಾರ ಬೆಳಿಗ್ಗೆ ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಜನರ ಗುಜುಗುಜು, ದೊಡ್ಡಮ್ಮನ ಅಳು, ಒಂದು ಕಾಗೆ, ಆಮೇಲೆ ಕಟ್ಟಿಗೆ ಚಟಪಟ ಅನ್ನುವುದು. ನನ್ನ ಅಮ್ಮನ ದಹನವನ್ನು ನಾನು ಖಾಲಿದಿಯಾದ ಮಂಚದ ಮೇಲೆ ಕೂತು ಕೇಳಿಸಿಕೊಂಡೆ. ಸಿಸ್ಟರ್ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. ಒಳಗೆ ಬರಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

ಉತ್ತರಕ್ರಿಯೆಯ ಬೊಜ್ಜಕ್ಕೆ ಊರಿಗೆ ಹೋಗಿ ಬಂದೆ. ಅಲ್ಲಿ ಎಲ್ಲರ ಅಳು ಮುಗಿದಿತ್ತು. ನನ್ನದು ಶುರುವೇ ಆಗಲಿಲ್ಲ. ಗಲ್ಫಿಗೆ ಹೋದ ಮೇಲೆ ಹುಡುಗಿ ಗಟ್ಟಿಯಾಗಿದ್ದಾಳೆ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ವಾಪಸು ಬಂದವಳು ಕೆಲಸಕ್ಕೆ ಹೋದೆ, ಬಂದೆ, ಮಲಗಿದೆ. ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಸಿಸ್ಟರ್ ಸಮಾಧಾನದ ಒಂದು ಮಾತೂ ಆಡಲಿಲ್ಲ. ಅದು ನನಗೆ ನೋವೇ ಆಗಿತ್ತು.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಅವರು ನನ್ನ ಹೊದಿಕೆ ಎಳೆದರು.

“ಏಳು ಮಗಾ. ಸ್ವೆಟರ್ ಎರಡು ಹಾಕು. ಘಾಟಿಗೆ ಹೋಗುವ.”

“ನನಗೆ ಮನಸ್ಸಿಲ್ಲ ಸಿಸ್ಟರ್.”

“ಮನಸ್ಸು ಇಲ್ಲೇ ಇರ್ಲಿ. ನೀನು ಬಾ.”

ನನ್ನ ಎದೆಗೂ ಬೆನ್ನಿಗೂ ಹಳೆಯ ಪೇಪರಿನ ಹಾಳೆಗಳನ್ನು ಮಡಚಿಟ್ಟು, ಅದರ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್ ತೊಡಿಸಿದರು. ಕೈಗೆ ಆಸ್ಪತ್ರೆಯ ರಬ್ಬರ್ ಗ್ಲೌಸು, ಅದರ ಮೇಲೆ ಉಣ್ಣೆಯದು. ಶಾಲೆಗೆ ಹೊರಟ ಮಗುವಿನಂತೆ ನಾನು ಸುಮ್ಮನೆ ನಿಂತಿದ್ದೆ.

ಅಬುಧಾಬಿ ದಾಟಿ, ದುಬೈಯ ಕಟ್ಟಡಗಳನ್ನು ಬಲಕ್ಕೂ ಎಡಕ್ಕೂ ಬಿಟ್ಟು, ಮರಳಿನ ನಡುವಿನ ಉದ್ದ ರಸ್ತೆಯಲ್ಲಿ ಹೋದೆವು. ಮೋಡ ಕವಿದಿತ್ತು. ಗಾಳಿಗೆ ಮರಳು ಹೊಗೆಯಂತೆ ಡಾಮರಿನ ಮೇಲೆ ಹರಿಯುತ್ತಿತ್ತು. ಮೂರು ಕಡೆ ನಿಲ್ಲಿಸಿ ಚಾ ಕುಡಿಸಿದರು. ರಾಸ್ ಅಲ್ ಖೈಮಾ ದಾಟಿದ ಮೇಲೆ ಬೆಟ್ಟಗಳು ಎದ್ದು ನಿಂತವು. ನಮ್ಮ ಘಟ್ಟದ ಹಾಗೆ ಹಸಿರಿನದ್ದಲ್ಲ. ಒಂದು ಗಿಡವೂ ಇಲ್ಲದ, ಮೂಳೆಯ ಬಣ್ಣದ ಬೆಟ್ಟಗಳು. ಎಲ್ಲಕ್ಕಿಂತ ಎತ್ತರದ ಜೆಬೆಲ್ ಜೈಸ್ ಬೆಟ್ಟದ ಬುಡದಲ್ಲಿ ಒಬ್ಬ ಎಳೆಯ ಪೊಲೀಸ್ ಕೈ ಅಡ್ಡ ಹಿಡಿದ. ಸಿಸ್ಟರ್ ಹೆಲ್ಮೆಟ್ ತೆಗೆದರು. ನರೆಗೂದಲು ಕಂಡು ಅವನ ಬಾಯಿ ತೆರೆಯಿತು. ಅಲ್ಲಿ ವಯಸ್ಸಾದ ಹೆಂಗಸರನ್ನು ‘ಮಾಮಾ’ ಎಂದೇ ಕರೆಯುವುದು.

“ಮಾಮಾ! ಯೂ ಡ್ರೈವಿಂಗ್? ಮೇಲೆ ಮಳೆ ಇದೆ, ಚಳಿ ಇದೆ.”

ಅವರು ಅರಬ್ಬಿಯಲ್ಲಿ ಏನೋ ಹೇಳಿದರು. ಅವನು ನನ್ನನ್ನು ನೋಡಿ, ನಗು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ದಾರಿ ಬಿಟ್ಟ. “ಷ್ವೈ ಷ್ವೈ, ಮಾಮಾ,” ಎಂದ. ಮೆಲ್ಲಗೆ, ಮೆಲ್ಲಗೆ.

“ಎಂತ ಹೇಳಿದ್ರಿ?” ಎಂದು ಕೇಳಿದೆ.

“ಇವಳ ತಾಯಿ ಹೋಗಿದ್ದಾರೆ, ಇವಳಿಗೆ ಸ್ವಲ್ಪ ಆಕಾಶ ಬೇಕು ಅಂತ ಹೇಳಿದೆ.”

ಏರು ಶುರುವಾಯಿತು. ತಿರುವಿನ ಮೇಲೆ ತಿರುವು. ಮೊದಲು ಮಂಜು, ಆಮೇಲೆ ಸಣ್ಣ ಮಳೆ. ಬೆರಳುಗಳು ಇವೆಯೋ ಇಲ್ಲವೋ ತಿಳಿಯದಷ್ಟು ಚಳಿ. ಸಿಸ್ಟರ್ ಪ್ರತಿ ತಿರುವಿಗೂ ಮುಂಚೆ ಭುಜ ಸ್ವಲ್ಪ ವಾಲಿಸಿ ಕಾಯುತ್ತಿದ್ದರು. ನಾನೂ ವಾಲಿದ ಮೇಲೆಯೇ ಬೈಕು ತಿರುಗುತ್ತಿತ್ತು. ತುದಿ ಇನ್ನೇನು ಹತ್ತಿರವಿದೆ ಅನ್ನುವಾಗ ಹೆಲ್ಮೆಟ್ಟಿನ ಮೇಲೆ ಯಾರೋ ಕಡಲೆ ಎರಚಿದ ಸದ್ದು. ಆಲಿಕಲ್ಲು. ನೋಡನೋಡುತ್ತ ರಸ್ತೆ ಬೆಳ್ಳಗಾಯಿತು. ಹಿಂದಿನ ಚಕ್ರ ಒಮ್ಮೆ ಪಕ್ಕಕ್ಕೆ ಜಾರಿತು. ಬಲಗಡೆ ತಗ್ಗು ಗೋಡೆ, ಅದರಾಚೆ ಏನೂ ಇಲ್ಲ. ಸಿಸ್ಟರ್ ಬ್ರೇಕ್ ಹಿಡಿಯಲಿಲ್ಲ. ವೇಗ ತಾನಾಗಿ ಇಳಿಯಲು ಬಿಟ್ಟು, ಎರಡೂ ಕಾಲು ನೆಲಕ್ಕಿಟ್ಟು, ಬೈಕನ್ನು ಬೆಟ್ಟದ ಬದಿಗೆ ತಂದು ನಿಲ್ಲಿಸಿದರು. ಬಂಡೆಗೆ ಒತ್ತಿಕೊಂಡು ನಿಂತೆವು.

“ಹೆದ್ರಿದ್ಯಾ?”

“ಅಮ್ಮಾ ಅಂತ ಬಾಯಿಗೆ ಬಂತು,” ಅಂದೆ.

ಅಷ್ಟೇ. ಆ ಪದ ಹೊರಗೆ ಬಂದದ್ದೇ ತಡ, ಅದರ ಹಿಂದೆ ಇದ್ದದ್ದೆಲ್ಲ ಬಂತು. ಹೆಲ್ಮೆಟ್ಟಿನೊಳಗೆ ನನ್ನ ದನಿ ನನಗೇ ಯಾರದ್ದೋ ಎಂಬಂತೆ ಕೇಳಿಸುತ್ತಿತ್ತು. ಸಿಸ್ಟರ್ ನನ್ನನ್ನು ತಬ್ಬಿಕೊಳ್ಳಲಿಲ್ಲ. ಬೈಕಿನ ಸೀಟಿನ ಮೇಲಿನ ಆಲಿಕಲ್ಲನ್ನು ಕೈಯಿಂದ ಸರಿಸುತ್ತ ನಿಂತರು. “ಕೂಗು,” ಎಂದರು. “ಇಲ್ಲಿ ಯಾರಿದ್ದಾರೆ? ಫ್ಲ್ಯಾಟಿನಲ್ಲಿ ಆದ್ರೆ ಪಕ್ಕದವರು ಬೆಲ್ ಒತ್ತುತ್ತಾರೆ.”

ನಾನು ಸುಮ್ಮನಾದ ಮೇಲೆ ಅವರು ನನ್ನ ಕೈಗಳನ್ನು ಹಿಡಿದು ಎಂಜಿನ್ನಿನ ಬಿಸಿಗೆ ಹತ್ತಿರ ಒಯ್ದರು. ಆಮೇಲೆ ಬೈಕಿನ ಕಡೆಗೇ ನೋಡುತ್ತ ಹೇಳತೊಡಗಿದರು.

“ನಾನೂ ನೋಡ್ಲಿಲ್ಲ ಮಗಾ. ನನ್ನ ಗಂಡನನ್ನು.”

ಹಿಮಾಚಲದ ಒಂದು ಮಿಶನ್ ಆಸ್ಪತ್ರೆಯಲ್ಲಿ ಅವರ ಮೊದಲ ಕೆಲಸ. ಬೆಟ್ಟದ ರಸ್ತೆ ಕಡಿಯುವ ತಂಡದಲ್ಲಿ ಅವರ ಗಂಡ ಮೆಕ್ಯಾನಿಕ್. ಮದುವೆಯಾದ ವರ್ಷ, ಚಳಿಗಾಲ ಶುರುವಾಗುವಾಗ, ಇಬ್ಬರೂ ಅವನ ಬೈಕಿನಲ್ಲಿ ಒಂದು ಎತ್ತರದ ಕಣಿವೆದಾರಿ ದಾಟಿದ್ದರಂತೆ. ಅವನೇ ಅವರಿಗೆ ಗೇರು ಕಲಿಸಿದ್ದು. ದಾರಿಯ ನೆತ್ತಿಯಲ್ಲಿ ಹಿಮ ಬೀಳತೊಡಗಿತು. ಅಲ್ಲಿ ನಿಂತಾಗ ಸಿಸ್ಟರ್ ಅವನಿಗೆ ತಾನು ಗರ್ಭಿಣಿ ಎಂದು ಹೇಳಿದರು. ಅಷ್ಟು ಹೊತ್ತು ಹಾಡುತ್ತ, ಬೇಕೆಂದೇ ಬೈಕು ಕುಣಿಸುತ್ತ ಬಂದಿದ್ದವನು ಹಾಡು ನಿಲ್ಲಿಸಿದ.

“ಇಳಿಯುವಾಗ ಪೂರಾ ಫಸ್ಟ್ ಗೇರ್. ಎರಡು ಕಾಲನ್ನೂ ನೆಲಕ್ಕೆ ಎಳೆದುಕೊಂಡು, ಎಮ್ಮೆ ನಡೆದ ಹಾಗೆ. ಹಿಂದೆ ಲಾರಿಯವರು ಹಾರ್ನ್ ಹಾಕಿದ್ರೆ ತಿರುಗಿ ಬೈಯುವುದು, ‘ನಾವು ಮೂರು ಜನ ಇದ್ದೇವೆ, ಕಾಣುವುದಿಲ್ವಾ’ ಅಂತ. ಬೂಟಿನ ಅಡಿ ಸವೆದು ಹೋಯಿತು. ಕೆಳಗೆ ಬರುವಾಗ ಕತ್ತಲೆ.”

ಹೆರಿಗೆಗೆಂದು ಸಿಸ್ಟರ್ ಊರಿಗೆ ಬಂದಿದ್ದಾಗ ಅಲ್ಲಿ ಬೆಟ್ಟ ಕುಸಿದು ಅವನು ಹೋದ. ತುಂಬು ಬಸುರಿಯನ್ನು ಯಾರೂ ಕಳಿಸಲಿಲ್ಲ. ಮಣ್ಣು ಅಲ್ಲಿಯೇ ಆಯಿತು.

“ಮಗಳಿಗೆ ಹೇಳಿದ್ದೀರಾ, ಇದೆಲ್ಲ?”

“ಎಲ್ಲಿ? ಸಣ್ಣವಳಿರುವಾಗ ನಾನು ಇಲ್ಲಿಗೆ ಬಂದೆ. ವರ್ಷಕ್ಕೊಮ್ಮೆ ಹೋದವಳು ಅಳುತ್ತಾ ಕೂರುವುದಾ? ಚಾಕೊಲೇಟ್ ಕೊಟ್ಟೆ, ಬಟ್ಟೆ ಕೊಟ್ಟೆ.” ಸೀಟಿನ ನೀರನ್ನು ಕೈಯಿಂದ ಒರೆಸಿ ಹೇಳಿದರು, “ಇದನ್ನು ಹೇಳ್ಲಿಕ್ಕೆ ಚಳಿ ಬೇಕು ಮಗಾ. ಊರಲ್ಲಿ ಬಾಯಿಗೆ ಬರುವುದಿಲ್ಲ.”

ಆಲಿಕಲ್ಲು ನಿಂತಿತು. ಮೇಲಿಂದ ಇಳಿಯುತ್ತಿದ್ದ ಒಂದು ಅರಬ್ ಕುಟುಂಬದ ಗಾಡಿ ನಮ್ಮನ್ನು ಕಂಡು ನಿಂತಿತು. ಒಳಗಿದ್ದ ಅಜ್ಜಿ ಕಿಟಕಿ ಇಳಿಸಿ, ಎರಡು ಪುಟ್ಟ ಬಟ್ಟಲುಗಳಲ್ಲಿ ಬಿಸಿ ಗಹವಾ ಕಾಫಿ ಕೊಟ್ಟರು. ನಾವು ಇಳಿಯುವಷ್ಟು ದೂರವೂ ಆ ಗಾಡಿ ದೀಪ ಮಿಣುಕಿಸುತ್ತ ನಮ್ಮ ಹಿಂದೆಯೇ ಮೆಲ್ಲಗೆ ಬಂತು. ಅಂದು ಮನೆ ಮುಟ್ಟಿ ನಾನು ಎರಡು ತಟ್ಟೆ ಅನ್ನ ಉಂಡೆ.

ಆಮೇಲೆ ಪ್ರತಿ ಚಳಿಗಾಲಕ್ಕೊಮ್ಮೆ ಹೋದೆವು. ನನಗೆ ಮದುವೆಯಾಗಿ ಅಬುಧಾಬಿಯ ಅಂಚಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಮನೆ ಬದಲಾಯಿಸಿದ ಮೇಲೂ ಬೆಳಿಗ್ಗೆ ಕೆಳಗೆ ಹಾರ್ನ್ ಕೇಳುತ್ತಿತ್ತು. ನನ್ನ ಮಗಳು ಕಿಟಕಿಗೆ ಓಡಿ “ಬೈಕ್ ಗ್ರ್ಯಾನಿ ಈಸ್ ಹಿಯರ್!” ಎಂದು ಕಿರುಚುತ್ತಿದ್ದಳು. ಮತ್ತೆಂದೂ ಅವರು ಗಂಡನ ಮಾತು ಎತ್ತಲಿಲ್ಲ. ತುದಿಯಲ್ಲಿ ನಿಂತು ಬಹಳ ಹೊತ್ತು ಉತ್ತರದ ಕಡೆ ನೋಡುತ್ತಿದ್ದರು. ನಾನು ಚಾದ ಫ್ಲಾಸ್ಕ್ ಹಿಡಿದುಕೊಂಡು ಕಾಯುತ್ತಿದ್ದೆ.

ಅರವತ್ತಾಯಿತು; ಆಸ್ಪತ್ರೆ ವೀಸಾ ಮುಂದುವರಿಸಲಿಲ್ಲ. “ಖಲಾಸ್ ಮಗಾ,” ಎಂದು ನಕ್ಕರು. ಬೈಕನ್ನು ವಾರ್ಡಿನ ಒಬ್ಬ ಫಿಲಿಪಿನೊ ನರ್ಸಿಗೆ ಕೊಟ್ಟು ಹೋದರು. ಊರಿನಲ್ಲಿ ಮಗಳ ಮನೆ, ಸೆಕೆ, ಮಂಡಿನೋವು. ನಾನು ಫೋನು ಮಾಡಿದರೆ ಆರೋಗ್ಯದ ಮಾತೇ ಇಲ್ಲ. “ಅಲ್ಲಿ ಚಳಿ ಬಂತಾ? ಮೇಲೆ ಆಲಿಕಲ್ಲು ಬಿತ್ತಾ?” ಬಿದ್ದಿದೆ ಅಂದರೆ, ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ನಾನು ಫೋನು ಇಡುತ್ತಿರಲಿಲ್ಲ.

ಮೂರನೆಯ ವರ್ಷ ಅವರು ಹೋದರು, ಮಧ್ಯಾಹ್ನದ ನಿದ್ದೆಯಲ್ಲೇ. ಸುದ್ದಿ ಬಂದ ದಿನವೇ ಹೊರಟು ಬಂದೆ. ಚರ್ಚಿನ ಹಿಂದಿನ ಸಿಮಿತ್ರಿಯ ಗೋರಿಗಳ ನಡುವೆ ಮಣ್ಣಾಯಿತು. ಜನ ಕರಗಿದ ಮೇಲೆ ಅವರ ಮಗಳು ಜಗುಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. ನನ್ನದೇ ವಯಸ್ಸು. ಕಣ್ಣು ಒಣಗಿತ್ತು.

“ಮಮ್ಮಿ ನನಗಿಂತ ನಿಮ್ಮ ಜೊತೆ ಜಾಸ್ತಿ ದಿನ ಇದ್ದದ್ದು,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. “ಪಪ್ಪನ ವಿಷಯ ನಿಮ್ಮ ಹತ್ರ ಏನಾದ್ರೂ ಹೇಳಿದ್ದಾರಾ? ನಾನು ಹುಟ್ಟುವ ಮೊದಲೇ ಹೋದ್ರು ಅಂತ ಗೊತ್ತು. ಅದಕ್ಕಿಂತ ಹೆಚ್ಚು ಕೇಳಿದ್ರೆ ಮಮ್ಮಿ ಎದ್ದು ಹೋಗ್ತಿದ್ರು.”

ನಾನು ಹೇಳಿದೆ. ಆ ಕಣಿವೆ, ಆ ಹಿಮ, ಅವರು ಅಲ್ಲಿ ಏನು ಹೇಳಿದರು, ಅವನು ಹೇಗೆ ಹಾಡು ನಿಲ್ಲಿಸಿದ, ಇಡೀ ಬೆಟ್ಟವನ್ನು ಮೊದಲ ಗೇರಿನಲ್ಲಿ, ಬೂಟು ಸವೆಯುವಂತೆ ಕಾಲೆಳೆದು ಹೇಗೆ ಇಳಿದ, ಲಾರಿಯವರಿಗೆ ಏನೆಂದು ಬೈದ, ಎಲ್ಲ. ಸಿಸ್ಟರ್ ಹೇಳಿದ ಹಾಗೆಯೇ ಹೇಳಲು ನೋಡಿದೆ. ಅಂಗಳದ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಅವಳು ನನ್ನ ಕಡೆ ತಿರುಗಿ ಕೂತಳು.

“ಮೂರು ಜನ ಅಂದ್ರಾ?”

“ಹೌದು. ಮೂರು ಜನ.”

“ಹಾಗಾದ್ರೆ ಪಪ್ಪನಿಗೆ ನಾನು ಗೊತ್ತಿದ್ದೆ,” ಎಂದಳು. ಮತ್ತೆ ನನ್ನ ಮೊಣಕೈ ಹಿಡಿದುಕೊಂಡು, ಸಣ್ಣ ಮಗುವಿನ ಹಾಗೆ ಕೇಳಿದಳು, “ಇನ್ನೊಮ್ಮೆ ಹೇಳಿ. ಮೊದಲಿಂದ ಹೇಳಿ.”