ಯಾರೂ ಹಿಡಿಯದ ಕೋಣೆ

ಅರವತ್ತರ ದಶಕದ ಕೊನೆಯ ಮಾತು. ನನ್ನ ಗಂಡನಿಗೆ ನಾಸಿಕ್ ರೋಡಿನ ಒಂದು ಅಚ್ಚುಕೂಟದಲ್ಲಿ ಕೆಲಸ. ಮದುವೆಯಾಗಿ ಬೀದರದ ಕಡೆಯಿಂದ ಬಂದ ನಾನು ಇಳಿದದ್ದು ಅವರ ಜೊತೆ ಕೆಲಸ ಮಾಡುವ ಗುಲಬರ್ಗದವರೊಬ್ಬರ ಮನೆಯಲ್ಲಿ. ಇರುವುದೊಂದೇ ಕೋಣೆ, ನಡುವೆ ಹಳೆಯ ಸೀರೆಯ ಪರದೆ. ಆ ಕಡೆ ಅವರ ಸಂಸಾರ, ಈ ಕಡೆ ನಮ್ಮದು. ಗಂಡನಿಗೆ ಏನಾದರೂ ಹೇಳಬೇಕೆಂದರೆ ಕಾಯಿಪಲ್ಲೆ ತರುವ ನೆಪ ಮಾಡಿ ಬೀದಿಗೆ ಹೋಗಬೇಕು. ಆ ಮನೆಯ ಅಕ್ಕ ದೇವರಂಥವಳು, ಆದರೆ ದೀಪಾವಳಿಗೆ ಅವಳ ಅತ್ತೆ-ಮಾವ ಬರುವವರಿದ್ದರು. ಅಷ್ಟರೊಳಗೆ ಕೋಣೆ ಸಿಗದಿದ್ದರೆ ನಾನು ಊರಿಗೆ ವಾಪಸ್, ಗಂಡ ಖಾನಾವಳಿಗೆ. ಒಮ್ಮೆ ಹೋದರೆ ಮತ್ತೆ ಯಾವಾಗ ಕರೆಸಿಕೊಳ್ಳುತ್ತಾರೋ ಎಂದು ನನಗೆ ತಳಮಳ.

ಹೊಸ ಚಾಳುಗಳ ಬಾಡಿಗೆ ಕೇಳಿದರೆ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ನಮ್ಮ ಕೈಗೆಟಕುವುದು ನದಿದಡದ ಪಂಚವಟಿಯ ಹಳೆಯ ವಾಡೆಗಳಲ್ಲಿ, ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆಗಳಲ್ಲಿ, ಬಾಡಿಗೆಗೆ ಬಿಡುವ ಕೋಣೆಗಳಷ್ಟೇ. ಒಂದು ವಾಡೆಯಲ್ಲಂತೂ ಎಲ್ಲ ಕುದುರಿತ್ತು. ಮಾಂಸ ತಿನ್ನುವವರಲ್ಲವೆಂದು ತಿಳಿದು ಮನೆಯೊಡತಿಯ ಮುಖ ಅರಳಿತ್ತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಮುಟ್ಟಾದಾಗ ಎಲ್ಲಿ ಕೂಡ್ತೀ? ಅಡುಗೆ ಯಾರು ಮಾಡ್ತಾರೆ?"

ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಲಿಂಗ ಇದ್ದವರಿಗೆ ಮುಟ್ಟಿನ ಮೈಲಿಗೆ ಇಲ್ಲವೆಂದು ಅಜ್ಜಿ ಹೇಳಿಕೊಟ್ಟಿದ್ದಳು. ಆ ದಿನಗಳಲ್ಲೂ ಪೂಜೆ ಮಾಡುತ್ತೇವೆ, ರೊಟ್ಟಿ ಬಡಿಯುತ್ತೇವೆ. ನನ್ನ ಹರಕುಮುರುಕು ಮರಾಠಿಯಲ್ಲಿ ಹಾಗೇ ಹೇಳಿದೆ. ಕೋಣೆಯ ಮಾತು ಅಲ್ಲಿಗೇ ಮುಗಿಯಿತು.

ಬೀದಿಗೆ ಬಂದ ಮೇಲೆ ಗಂಡ ಗೊಣಗಿದರು. "ಮೂಲ್ಯಾಗ ಕೂಡ್ತೀನಿ ಅಂತ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಲಿಂಗಾ ಕಟ್ಕೊಂಡು ಸುಳ್ಳು ಹೇಳ್ಲೇನ್ರಿ? ಬೇಕಾದ್ರ ನೀವೇ ಹೋಗಿ ಕೂಡ್ರಿ!"

ನಾನು ಮೊದಲಿನಿಂದಲೂ ಕಡ್ಡಿ ಮುರಿದಂತೆ ಮಾತಾಡುವವಳು. ಮಾತು ಆಡಿಯಾದ ಮೇಲೆ ಗೋದಾವರಿಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತದ್ದೂ ನಿಜ.

ದೀಪಾವಳಿ ಹತ್ತಿರ ಬಂದಾಗ ನದಿಯ ಘಾಟಿನ ಮೆಟ್ಟಿಲ ಮೇಲೆ ಹೂ ಮಾರುವವಳು ಇನ್ನೊಂದು ವಾಡೆ ತೋರಿಸಿದಳು. ಒಡತಿ ವಯಸ್ಸಾದ ವಿಧವೆ, ಒಂಟಿ. ಬಾವಿಯ ಹಿಂದೆ ಬಿಡಿಯಾಗಿ ಒಂದು ಕೋಣೆ. ಅದಕ್ಕೆ ಬೇರೆಯದೇ ಬಾಗಿಲು, ಗಾಳಿಗೊಂದು ಕಿಟಕಿ. ಬಾಡಿಗೆ ಬೇರೆ ಕಡೆಯ ಅರ್ಧ! ಗಂಡನಿಗೆ ಗುಮಾನಿ ಬಂತು. "ದೆವ್ವ ಗಿವ್ವ ಅದ ಏನು, ಕೇಳು," ಎಂದು ಪಿಸುಗುಟ್ಟಿದರು.

ಕೇಳಿದೆ. ಮುದುಕಿ ನೆಲ ನೋಡುತ್ತ ಹೇಳಿದರು. "ಮುಚ್ಚಿಟ್ಟು ಕೊಡಲಾರೆ. ನಮ್ಮ ಮನೆಯ ಹೆಂಗಸರು ಮುಟ್ಟಾದಾಗ ಕೂಡುತ್ತಿದ್ದ ಕೋಣೆ ಇದು. ಸೊಸೆಯರು ಪುಣೆಗೆ ಹೋದಮೇಲೆ ಖಾಲಿ ಬಿದ್ದಿದೆ. ಬಂದವರೆಲ್ಲ ಇಲ್ಲಿ ದೇವರನ್ನು ಹೇಗಿಡೋದು ಅಂತ ಹೊರಟುಹೋಗ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. "ಆಜಿ, ನಮ್ಮ ದೇವರು ಕೊರಳಲ್ಲೇ ಇದ್ದಾನೆ. ನಮಗೆ ಆ ಮೈಲಿಗೆಯೇ ಇಲ್ಲ. ಕೀಲಿ ಕೊಡಿ," ಎಂದು ಗಂಡ ಬಾಯಿ ತೆರೆಯುವ ಮೊದಲೇ ಕೈ ಚಾಚಿದೆ.

"ನೀನು ಕೂಡುವುದೇ ಇಲ್ಲವಾ? ನಿನ್ನ ತಾಯಿ?"

"ಅವ್ವನೂ ಇಲ್ಲ, ಅಜ್ಜಿಯೂ ಇಲ್ಲ."

ಅವರು ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟರು.

ಹೋದ ಜೀವ ಬಂದಂತಾಯಿತು. ಗಂಡ ಗೋಡೆಗೆ ಸುಣ್ಣ ಬಳಿಯುತ್ತಿದ್ದರೆ ನಾನು ಪರದೆಯಿಲ್ಲದ ಆ ಕೋಣೆಯಲ್ಲಿ ಸುಮ್ಮಸುಮ್ಮನೆ ಗಟ್ಟಿಯಾಗಿ ಮಾತಾಡಿದೆ. ಬೈಯಬೇಕೆನಿಸಿದಾಗ ಬೈದೆ ಕೂಡ. ಯಾರ ಹಂಗೂ ಇಲ್ಲದೆ ಬೈಯುವ ಸುಖ ಏನೆಂದು ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಚಳಿಯಿತ್ತು. ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಾಗ ಆಜಿ ಬಂದು ಹೊಸ್ತಿಲ ಹೊರಗೆ ನಿಂತರು. ಚಾಪೆ ಹಾಸಿ ಕರೆದೆ. ತಡೆದು ತಡೆದು ಒಳಗೆ ಬಂದು ಕೂತರು. ಮಡಿಯವರು, ಏನೂ ತಿನ್ನಲಿಲ್ಲ. ಬೆಂಕಿಯನ್ನೇ ನೋಡುತ್ತಿದ್ದರು.

"ಇಲ್ಲಿ ನಮಗೆ ಒಲೆ ಹಚ್ಚಗೊಡುತ್ತಿರಲಿಲ್ಲ," ಎಂದರು. "ಎಂಥ ಥಂಡಿ ಇದ್ದರೂ."

ಆಮೇಲೆ ಚಾಪೆಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಗಳನ್ನು ಒಲೆಗೆ ಒಡ್ಡಿದರು.